ಶಾಲೆಯ ರಸೀದಿ ಪುಸ್ತಕ ಮನೆಗೆ ಬಂದಾಗ

ಡಿಸೆಂಬರ್ ಹತ್ತಿರ ಬಂತೆಂದರೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ ಕಡೆಯ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. "ಈ ವರ್ಷ ಗ್ಯಾದರಿಂಗಿಗೆ ಎಷ್ಟು ಬರೆಸೋದು?" ಗ್ಯಾದರಿಂಗ್ ಅಂದರೆ ಶಾಲೆಯ ವಾರ್ಷಿಕೋತ್ಸವ.

ಅಜ್ಜ ಓದಿದ ಶಾಲೆ, ಅಪ್ಪ ಓದಿದ ಶಾಲೆ, ಈಗ ಮಗಳು ಓದುತ್ತಿರುವ ಶಾಲೆ. ಕೊಡಬೇಕು ಅಂತ ಮನಸ್ಸಿದೆ. ಕೈಯಲ್ಲಿ ಕಾಸು ಕಡಿಮೆ. ಪಕ್ಕದ ಮನೆಯವರು ಎರಡು ಸಾವಿರ ಬರೆಸಿದ್ದಾರೆ. ಹೋದ ವರ್ಷ ಕೊಟ್ಟಿದ್ದರ ಲೆಕ್ಕ ಯಾರೂ ಹೇಳಿಲ್ಲ. ಮಗಳು ಡ್ಯಾನ್ಸಿಗೆ ಸೇರಿದ್ದಾಳೆ, ಅವಳ ಡ್ರೆಸ್ಸಿನ ಬಾಡಿಗೆ ಬೇರೆ. ಇದೆಲ್ಲ ತಲೆಯಲ್ಲಿ ಓಡುತ್ತಿರುವಾಗಲೇ ಮಾಸ್ತರೂ ಕಮಿಟಿಯವರೂ ಅಂಗಳಕ್ಕೆ ಬಂದಿರುತ್ತಾರೆ. ಆಸರಿಗೆ (ಕುಡಿಯಲು) ಕೊಟ್ಟು ಕೂರಿಸಿದ ಮೇಲೆ "ಇಲ್ಲ" ಅನ್ನುವುದು ಸುಲಭ ಅಲ್ಲ.

ನಾನು ಈ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವಳು. ಶಾಲೆಯ ಎಸ್‌ಡಿಎಂಸಿಯಲ್ಲಿದ್ದು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ವಂತಿಗೆ ಕೇಳಲು ಹೋಗಿದ್ದೇನೆ, ನನ್ನ ಮನೆ ಬಾಗಿಲಲ್ಲಿ ನಿಂತು ವಂತಿಗೆ ಕೊಟ್ಟೂ ಇದ್ದೇನೆ. ಎರಡೂ ಕಡೆಯ ಮುಜುಗರ ಗೊತ್ತು. ನಾನು ಹೇಳಬೇಕೆಂದಿರುವುದು ಇಷ್ಟೇ. ಎಷ್ಟು ಕೊಡಬೇಕು ಅನ್ನುವುದನ್ನು ಮನೆಯವರು ಮೊದಲೇ ಕೂತು ಮಾತಾಡಿಕೊಳ್ಳಬೇಕು. ಕೊಟ್ಟರೂ ಕೊಡದಿದ್ದರೂ ಅದರ ಭಾರ ಮಗುವಿನ ಮೇಲೆ ಚೂರೂ ಬೀಳಬಾರದು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿ.

ಮೊದಲ ಹೆಜ್ಜೆ: ಇದು ಯಾವ ಹಣ ಅಂತ ಕೇಳಿ

ಶಾಲೆಯಿಂದ ಬರುವ ಎಲ್ಲ ಚೀಟಿಗಳೂ ಒಂದೇ ಅಲ್ಲ. ಡಿಸೆಂಬರ್ 7ರ ಧ್ವಜ ದಿನಾಚರಣೆಗೆ ಹತ್ತಿಪ್ಪತ್ತು ರೂಪಾಯಿ ಕೇಳುವುದು ಬೇರೆ. ಅದು ಸೈನಿಕರ ಕಲ್ಯಾಣಕ್ಕೆ ಹೋಗುವ ಹಣ. ಗ್ಯಾದರಿಂಗಿನ ವಂತಿಗೆ ಬೇರೆ. ಶತಮಾನೋತ್ಸವಕ್ಕೋ ಹೊಸ ಕೋಣೆಗೋ ಎತ್ತುವ ದೇಣಿಗೆ ಇನ್ನೂ ಬೇರೆ. ಖಾಸಗಿ ಶಾಲೆಯಲ್ಲಿ "ಡೆವಲಪ್‌ಮೆಂಟ್ ಫಂಡ್" ಅಂತ ಫೀಸಿನ ಜೊತೆಗೇ ಬರುವುದು ಮತ್ತೂ ಬೇರೆ.

ಕೇಳಬೇಕಾದ ಪ್ರಶ್ನೆ ಒಂದೇ: "ಇದು ಕಡ್ಡಾಯವಾ, ಇಷ್ಟ ಇದ್ದರೆ ಕೊಡುವುದಾ?"

ಕಾನೂನಿನ ಮಾತನ್ನೂ ತಿಳಿದಿಟ್ಟುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವಾಗ, ಗೊತ್ತುಪಡಿಸಿದ ಫೀಸು ಬಿಟ್ಟು ಡೊನೇಷನ್ ಕೇಳುವ ಹಾಗಿಲ್ಲ. ಕೇಳಿದರೆ ಪಡೆದ ಹಣದ ಹತ್ತು ಪಟ್ಟಿನವರೆಗೆ ದಂಡ ಹಾಕಲು ಅವಕಾಶ ಇದೆ. ಸರ್ಕಾರಿ ಶಾಲೆಯಲ್ಲಂತೂ ಎಂಟನೇ ಕ್ಲಾಸಿನವರೆಗೆ ಕಲಿಕೆ ಪೂರ್ತಿ ಉಚಿತ. 2022ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತ್ತು. ಪಾಲಕರಿಂದ ತಿಂಗಳಿಗೆ 100 ರೂಪಾಯಿವರೆಗೆ ದೇಣಿಗೆ ಪಡೆಯಬಹುದು ಅಂತ ಅದರಲ್ಲಿತ್ತು. ಒತ್ತಾಯ ಮಾಡಬಾರದು ಅಂತಲೂ ಇತ್ತು. ಆದರೂ ವಿರೋಧ ಜೋರಾಗಿ ಕೆಲವೇ ದಿನದಲ್ಲಿ ಸುತ್ತೋಲೆ ವಾಪಸಾಯಿತು. ಜನ ಯಾಕೆ ವಿರೋಧಿಸಿದರು ಅನ್ನುವುದು ನಮ್ಮಂಥ ಊರಿನವರಿಗೆ ಬೇಗ ಅರ್ಥ ಆಗುತ್ತದೆ. ಎಲ್ಲರಿಗೂ ಗೊತ್ತಿರುವವರೇ ಬಂದು ಕೇಳುವಾಗ "ಇಷ್ಟ ಇದ್ದರೆ ಕೊಡಿ" ಅನ್ನುವುದೂ ಒತ್ತಾಯವೇ ಆಗಿಬಿಡುತ್ತದೆ.

ಎರಡನೆಯದು: ಮನೆಯಲ್ಲಿ ವರ್ಷಕ್ಕೊಮ್ಮೆ ಕೂತು ಮೊತ್ತ ಗೊತ್ತುಮಾಡಿ

ಇದೇ ಎಲ್ಲಕ್ಕಿಂತ ಮುಖ್ಯ. ಹೆಚ್ಚಿನ ಮನೆಗಳಲ್ಲಿ ಇದು ನಡೆಯುವುದಿಲ್ಲ. ಕಮಿಟಿಯವರು ಬಂದ ಹೊತ್ತಿಗೆ ಯಾರು ಮನೆಯಲ್ಲಿರುತ್ತಾರೋ ಅವರು ಬಾಯಿಗೆ ಬಂದ ಮೊತ್ತ ಹೇಳುತ್ತಾರೆ. ಆಮೇಲೆ ಗಂಡ ಹೆಂಡತಿ ನಡುವೆ ಅದೇ ವಿಷಯಕ್ಕೆ ಮಾತು ಬೆಳೆಯುತ್ತದೆ.

ಶಾಲೆ ಶುರುವಾಗುವ ಮೊದಲು ಒಂದು ಸಂಜೆ ಕೂರಿ. ಶಾಲೆ, ದೇವಸ್ಥಾನ, ಗಣೇಶೋತ್ಸವ, ಊರಿನ ಯಕ್ಷಗಾನದ ಆಟ ಎಲ್ಲ ಸೇರಿ ವರ್ಷಕ್ಕೆ ಎಷ್ಟು ವಂತಿಗೆ ಕೊಡಲು ಸಾಧ್ಯ ಅಂತ ಬರೆಯಿರಿ. ಅದರಲ್ಲಿ ಶಾಲೆಯ ಪಾಲೆಷ್ಟು ಅಂತ ಬೇರೆ ಬರೆಯಿರಿ. ನನ್ನ ಮಟ್ಟಿಗೆ ಶಾಲೆಯ ಪಾಲೇ ದೊಡ್ಡದಿರಬೇಕು. ಶಿರಸಿ ಸುತ್ತಿನವರು ಮಾರಿಕಾಂಬಾ ಜಾತ್ರೆಯ ವರ್ಷವನ್ನು ನೆನಪಿಡಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯಲ್ಲಿ ಮನೆ ತುಂಬ ನೆಂಟರು ಇರುತ್ತಾರೆ, ಖರ್ಚು ಕೈ ಮೀರುತ್ತದೆ. ಆ ವರ್ಷ ಶಾಲೆಗೆ ಸ್ವಲ್ಪ ಕಡಿಮೆ ಬರೆದರೆ ತಪ್ಪಿಲ್ಲ.

ಮೊತ್ತದಷ್ಟೇ ಮುಖ್ಯವಾದದ್ದು ತಿಂಗಳು. ನಮ್ಮ ಜಿಲ್ಲೆಯಲ್ಲಿ ಎಲ್ಲರ ಕೈಗೂ ಒಂದೇ ಹೊತ್ತಿಗೆ ದುಡ್ಡು ಬರುವುದಿಲ್ಲ. ಘಟ್ಟದ ಮೇಲಿನ ಅಡಿಕೆ ತೋಟದವರನ್ನು ನೋಡಿ. ಗ್ಯಾದರಿಂಗ್ ನಡೆಯುವುದು ಡಿಸೆಂಬರ್, ಜನವರಿಯಲ್ಲಿ. ಅದೇ ಕೊಯ್ಲಿನ ಕಾಲ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ, ಅಡಿಕೆ ಸುಲಿಯುವವರಿಗೆ, ಬೇಯಿಸುವವರಿಗೆ ದಿನಾ ದುಡ್ಡು ಹೋಗುತ್ತಿರುತ್ತದೆ. ಚಾಲಿ (ಬಿಸಿಲಲ್ಲಿ ಒಣಗಿಸುವ ಹಣ್ಣಡಿಕೆ) ಒಣಗಿ, ಸುಲಿದು, ಸೊಸೈಟಿಯಲ್ಲಿ ಮಾರಾಟವಾಗಿ ಖಾತೆಗೆ ಹಣ ಬರುವುದು ಆಮೇಲೆ ಎಷ್ಟೋ ವಾರ ಕಳೆದು. ಹಾಗಾಗಿ "ತೋಟದವರು, ಕೊಯ್ಲು ಬೇರೆ ನಡೀತಾ ಇದೆ, ಜಾಸ್ತಿ ಕೊಡಲಿ" ಅನ್ನುವುದು ಲೆಕ್ಕ ತಪ್ಪಿದ ಮಾತು.

ಕರಾವಳಿಯಲ್ಲಿ ಇನ್ನೊಂದು ಥರ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಾಡದೋಣಿಯವರಿಗೂ ಮಳೆಗಾಲದ ಕಡಲು ಸುಲಭ ಅಲ್ಲ. ಶಾಲೆ ಶುರುವಾಗುವುದೂ ಸರಿಯಾಗಿ ಆಗಲೇ. ಪುಸ್ತಕ, ಕೊಡೆ, ರೇನ್‌ಕೋಟ್, ಚಪ್ಪಲಿ, ಬಸ್ ಪಾಸ್ ಎಲ್ಲ ಒಟ್ಟಿಗೆ ಬೇಕು, ಮನೆಗೆ ಬರುವ ದುಡ್ಡು ಮಾತ್ರ ನಿಂತಿರುತ್ತದೆ. ಕಾರವಾರದ ಬೈತಖೋಲ್‌ನಲ್ಲೋ ಹೊನ್ನಾವರದ ಕಾಸರಕೋಡಿನಲ್ಲೋ ಬೋಟಿಗೆ ಹೋಗುವವರ ಮನೆಗೆ ಜೂನ್‌ನಲ್ಲಿ ರಸೀದಿ ಪುಸ್ತಕ ಹಿಡಿದು ಹೋಗುವುದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಬಂದರೂ ಪಾಲಕರು ಹೇಳಬೇಕಾದದ್ದು ಸರಳ: "ಅಕ್ಕೋರೇ, ಬೋಟ್ ಇಳಿದ ಮೇಲೆ ಬನ್ನಿ. ಸೆಪ್ಟೆಂಬರ್‌ನಲ್ಲಿ ಕೊಡ್ತೇವೆ."

ಕಮಿಟಿಯಲ್ಲಿರುವವರಿಗೆ ಇಲ್ಲೇ ಒಂದು ಮಾತು. ವಂತಿಗೆಗೆ ಒಂದೇ ಕೊನೇ ದಿನ ಇಡಬೇಡಿ. ಎರಡು ಮೂರು ಕಂತು ಇಡಿ. ಘಟ್ಟದ ಮೇಲೆ ಒಂದು ಕಂತು ಏಪ್ರಿಲ್‌ಗೆ ಬರಲಿ, ಕರಾವಳಿಯಲ್ಲಿ ಒಂದು ಕಂತು ಸೆಪ್ಟೆಂಬರ್‌ಗೆ ಬರಲಿ. ಸಂಬಳದವರಿಗೆ ಯಾವ ತಿಂಗಳಾದರೂ ನಡೆಯುತ್ತದೆ.

ಮೂರನೆಯದು: ಕೊಡುವ ಮೊದಲು ನಾಲ್ಕು ಮಾತು ಕೇಳಿ

ಕೇಳುವುದು ಅಪನಂಬಿಕೆ ಅಲ್ಲ. ಒಳ್ಳೆಯ ಕಮಿಟಿಗೆ ಪ್ರಶ್ನೆ ಬಂದರೆ ಖುಷಿಯೇ ಆಗುತ್ತದೆ.

ಒಟ್ಟು ಎಷ್ಟು ಬೇಕು, ಯಾವುದಕ್ಕೆ? ಪೆಂಡಾಲು, ಮೈಕು, ಊಟ, ಬಹುಮಾನ ಅಂತ ಬಿಡಿಸಿ ಬರೆದ ಅಂದಾಜು ಪಟ್ಟಿ ತೋರಿಸಿ ಅನ್ನಿ. ಸರ್ಕಾರದಿಂದ ಎಷ್ಟು ಬಂದಿದೆ? ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಗೆ ವರ್ಷಕ್ಕೊಂದು ಅನುದಾನ ಇದೆ. ಅದು ಮಕ್ಕಳ ಲೆಕ್ಕದ ಮೇಲೆ ಬರುತ್ತದೆ. ಮೂವತ್ತರ ಒಳಗೆ ಮಕ್ಕಳಿದ್ದರೆ 10,000, ನೂರರವರೆಗೆ ಇದ್ದರೆ 25,000 ರೂಪಾಯಿ ಅಂತ ಕೇಂದ್ರದ ನಿಯಮ. ನಮ್ಮ ಯಲ್ಲಾಪುರ, ಜೋಯ್ಡಾ, ಸಿದ್ದಾಪುರದ ಒಳಗಿನ ಊರುಗಳಲ್ಲಿ ಹತ್ತು ಹನ್ನೆರಡು ಮಕ್ಕಳ ಶಾಲೆಗಳು ಎಷ್ಟಿವೆ! ಅಲ್ಲಿ ಹತ್ತು ಸಾವಿರದಲ್ಲಿ ಸೀಮೆಸುಣ್ಣ, ಕರೆಂಟು ಬಿಲ್ಲು, ಸಣ್ಣಪುಟ್ಟ ರಿಪೇರಿ ಎಲ್ಲ ಆಗಬೇಕು. ಉಳಿದದ್ದನ್ನು ಹಂಚಿಕೊಳ್ಳಲು ಇರುವುದೂ ಹತ್ತೇ ಮನೆ. ಅಂಥ ಶಾಲೆಯವರು ವಂತಿಗೆ ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ. ಅವರಿಗೆ ಬೇರೆ ದಾರಿ ಕಡಿಮೆ.

ಹಣ ಎಲ್ಲಿ ಇಡುತ್ತೀರಿ? ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಶಾಲೆಯ ಅಥವಾ ಉತ್ಸವ ಸಮಿತಿಯ ಹೆಸರಿನಲ್ಲಿ, ಇಬ್ಬರ ಸಹಿ ಇರುವ ಖಾತೆ ಇರಬೇಕು. ಯಾರದ್ದೋ ಸ್ವಂತ ನಂಬರಿಗೆ ಫೋನ್‌ಪೇ ಮಾಡಬೇಡಿ. ಆ ವ್ಯಕ್ತಿ ಎಷ್ಟೇ ಒಳ್ಳೆಯವರಾಗಿರಲಿ, ನಾಳೆ ಲೆಕ್ಕ ಕೇಳುವಾಗ ಅವರಿಗೇ ತೊಂದರೆ.

ರಸೀದಿ ಇದೆಯಾ? ನಂಬರ್ ಹಾಕಿದ, ಸೀಲು ಇರುವ ರಸೀದಿ ಬೇಕು. ಐವತ್ತು ರೂಪಾಯಿ ಕೊಟ್ಟರೂ ಬೇಕು.

ಸರ್ಕಾರಿ ಶಾಲೆಯಾದರೆ ಇದನ್ನೆಲ್ಲ ಕೇಳುವ ಜಾಗ ಎಸ್‌ಡಿಎಂಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಹೆಂಗಸರನ್ನು ಸಹಿಗೆ ಮಾತ್ರ ಕರೆಯುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಮೀಟಿಂಗಿಗೆ ಹೋಗಿ, ಕೂತು ಮಾತಾಡಿ. ಮನೆಯ ಅಕ್ಕಿ ಡಬ್ಬಿಯಲ್ಲಿ ಎಷ್ಟಿದೆ ಅಂತ ಗೊತ್ತಿರುವವರು ಆ ಸಭೆಯಲ್ಲಿ ಬಾಯಿ ಬಿಟ್ಟರೆ ತಲಾ ಇಷ್ಟು ಅಂತ ಕಣ್ಣುಮುಚ್ಚಿ ನಿರ್ಣಯ ಆಗುವುದಿಲ್ಲ.

ನಾಲ್ಕನೆಯದು: ಕಡಿಮೆ ಕೊಡುವುದನ್ನು, ಇಲ್ಲ ಅನ್ನುವುದನ್ನು ಕಲಿಯಿರಿ

ನಮ್ಮ ಕಡೆ ಇದು ಮರ್ಯಾದೆ ಪ್ರಶ್ನೆ. ಶಾಲೆಗಳ ಜೊತೆ ನಮ್ಮ ನಂಟೇ ಹಾಗಿದೆ. ಊರವರು ಜಾಗ ಕೊಟ್ಟು, ಕಲ್ಲು ಹೊತ್ತು, ಹೆಂಚು ಹೊದಿಸಿ ಕಟ್ಟಿದ ಶಾಲೆಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಚುಟುಕು ಕವಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಹೈಸ್ಕೂಲು ಇಲ್ಲದ ಊರುಗಳಿಗೆ ಹೈಸ್ಕೂಲು ತಂದರು. ಅಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಇವತ್ತು ಮುಂಬೈ, ಬೆಂಗಳೂರಿನಲ್ಲಿದ್ದಾರೆ. ಶಾಲೆ ಕೇಳಿದಾಗ ಇಲ್ಲ ಅನ್ನುವುದು ಹಿರಿಯರಿಗೆ ಮಾಡಿದ ಅಪಚಾರ ಅಂತ ಎಷ್ಟೋ ಜನರಿಗೆ ಅನಿಸುತ್ತದೆ. ಆ ಭಾವನೆ ನನಗೂ ಇದೆ, ಅದು ಒಳ್ಳೆಯದೇ. ಆದರೆ ಅದಕ್ಕಾಗಿ ಬಂಗಾರ ಅಡವಿಡುವುದು, ಸಂಘದಲ್ಲಿ ಸಾಲ ತೆಗೆಯುವುದು ಖಂಡಿತ ಬೇಡ.

ಹೇಳುವ ರೀತಿ ನೇರವಾಗಿರಲಿ. ಸುಳ್ಳು ನೆಪ ಬೇಡ. "ಯಜಮಾನರು ಮನೇಲಿಲ್ಲ" ಅಂತ ಮೂರು ಸಲ ವಾಪಸ್ ಕಳಿಸಿದರೆ ಬಂದವರಿಗೂ ಬೇಜಾರು, ನಿಮಗೂ ಕಿರಿಕಿರಿ. ಹೀಗೆ ಹೇಳಿ ನೋಡಿ:

"ಮಾಸ್ತರೇ, ನಾವು ಈ ವರ್ಷ ಶಾಲೆಗೆ ಅಂತ ಐನೂರು ತೆಗೆದಿಟ್ಟಿದ್ದೇವೆ. ಅಷ್ಟು ಬರ್ಕೊಳ್ಳಿ."

"ಭಾವ, ಈ ಸಲ ಅಮ್ಮಂಗೆ ಆಪರೇಷನ್ ಆಯ್ತು. ದುಡ್ಡು ಆಗೂದಿಲ್ಲ. ಚಪ್ಪರಕ್ಕೆ ಎರಡು ದಿನ ನಾನು ಬರ್ತೇನೆ."

"ಹೋದ ವರ್ಷದ ಲೆಕ್ಕ ಒಮ್ಮೆ ತೋರಿಸ್ತೀರಾ? ನೋಡಿದ ಮೇಲೆ ಈ ವರ್ಷದ್ದು ಮಾತಾಡ್ವ."

ಬಂದವರು "ಛೆ, ನಿಮ್ಮಂಥವರು ಇಷ್ಟೇನಾ" ಅಂದರೆ ಮೊತ್ತ ಏರಿಸಬೇಡಿ. ನಗುತ್ತಾ ಅದೇ ಮಾತನ್ನು ಇನ್ನೊಮ್ಮೆ ಹೇಳಿ. ಮನೆಯಲ್ಲಿ ಮೊದಲೇ ಗೊತ್ತುಮಾಡಿದ್ದರೆ ಆ ಹೊತ್ತಿಗೆ ಧೈರ್ಯ ತಾನಾಗಿ ಬರುತ್ತದೆ.

ಕಾರ್ಯಕ್ರಮದ ದಿನ ಮೈಕಿನಲ್ಲಿ "ಇಂಥವರಿಂದ ಇಷ್ಟು ಸಾವಿರ" ಅಂತ ಓದುವ ಪದ್ಧತಿ ಇದೆ. ಇದು ನಿಲ್ಲಬೇಕು. ಮುಂದಿನ ಸಾಲಿನಲ್ಲಿ ಮೇಕಪ್ ಹಾಕಿಕೊಂಡು ಕೂತಿರುವ ಮಕ್ಕಳೆಲ್ಲ ಅದನ್ನು ಕೇಳುತ್ತಾರೆ. ಯಾರ ಅಪ್ಪ ಎಷ್ಟು ಕೊಟ್ಟರು ಅಂತ ಮಾರನೇ ದಿನ ಕ್ಲಾಸಿನಲ್ಲಿ ಮಾತಾಗುತ್ತದೆ. ಹೆಸರು ಓದಿ, ಮೊತ್ತ ಬೇಡ. ಅಡುಗೆಗೆ ಬಂದವರ ಹೆಸರು, ಬಾವಿಯಿಂದ ನೀರು ಹೊತ್ತವರ ಹೆಸರು ಅದೇ ಪಟ್ಟಿಯಲ್ಲಿ ಬರಲಿ. ಮೀಟಿಂಗಿನಲ್ಲಿ ಇದನ್ನು ನೀವೇ ಎತ್ತಿ. ಕೇಳುವವರಿಲ್ಲದೆ ಮಾತ್ರ ಇದು ನಡೆದುಕೊಂಡು ಬಂದಿದೆ.

ಐದನೆಯದು: ದುಡ್ಡಿನ ಬದಲು ಏನು ಕೊಡಬಹುದು ನೋಡಿ

ಹೊರೆಕಾಣಿಕೆ ನಮಗೆ ಹೊಸದಲ್ಲ. ತೋಟ ಇದ್ದವರು ಬಾಳೆಕೊನೆ, ಬಾಳೆಲೆ, ತೆಂಗಿನಕಾಯಿ ಕೊಡಬಹುದು. ಗದ್ದೆ ಇದ್ದವರು ಅಕ್ಕಿ. ಚಪ್ಪರಕ್ಕೆ ಅಡಿಕೆ ದಬ್ಬೆ, ಸೋಗೆ. ಹೊಲಿಗೆ ಬರುವ ಅಮ್ಮಂದಿರು ಮಕ್ಕಳ ಡ್ರೆಸ್ ಹೊಲಿದುಕೊಟ್ಟರೆ ಬಾಡಿಗೆಯ ದೊಡ್ಡ ಖರ್ಚು ಉಳಿಯುತ್ತದೆ. ರಿಕ್ಷಾ, ಟೆಂಪೋ ಇದ್ದವರು ಕುರ್ಚಿ, ಪಾತ್ರೆ ತಂದುಕೊಡಬಹುದು. ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಎಲೆಕ್ಟ್ರಿಷಿಯನ್ ಇದ್ದರೆ ಶಾಲೆಯ ವೈರಿಂಗ್ ಒಮ್ಮೆ ನೋಡಿಕೊಡಲಿ, ಮಳೆಗಾಲದಲ್ಲಿ ಅದು ನೂರು ಶಾಲುಗಳಿಗಿಂತ ಹೆಚ್ಚು. ಹೀಗೆ ಕೊಟ್ಟದ್ದನ್ನೂ ರಸೀದಿಯಲ್ಲಿ ಬರೆಸಿ, "ತೆಂಗಿನಕಾಯಿ 40" ಅಂತ.

ಆರನೆಯದು: ಟಿಕೆಟ್, ಕೂಪನ್, ಲಕ್ಕಿ ಡಿಪ್

ಸಹಾಯಾರ್ಥ ಯಕ್ಷಗಾನ ನಮ್ಮ ಜಿಲ್ಲೆಯ ಚಂದದ ಪದ್ಧತಿ. ಜನ ಟಿಕೆಟ್ ಕೊಂಡು ಆಟ ನೋಡುತ್ತಾರೆ, ಶಾಲೆಗೂ ನಾಲ್ಕು ಕಾಸು ಸಿಗುತ್ತದೆ. ಬರೀ ಕೈ ಚಾಚುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಮೇಳಕ್ಕೆ ಕೊಡುವ ವೀಳ್ಯದ ಹಣ, ರಂಗಸ್ಥಳ, ಲೈಟು, ಊಟ ಎಲ್ಲ ಕಳೆದು ಎಷ್ಟು ಉಳಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ. ಆಟ ಚೆನ್ನಾಗಾಗಿ ಶಾಲೆಗೆ ಏನೂ ಉಳಿಯದ ಉದಾಹರಣೆಗಳಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದು ಅನ್ನುವ ನಿಯಮ 2000ದಿಂದಲೇ ಇದೆ. ಕಾಲಮಿತಿಯ ಆಟ ಇಟ್ಟುಕೊಂಡು, ಅನುಮತಿ ಮೊದಲೇ ಪಡೆಯುವುದು ಒಳ್ಳೆಯದು.

ಲಕ್ಕಿ ಡಿಪ್ ಕೂಪನ್ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ನಮ್ಮ ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಷೇಧ ಆಗಿದೆ. ದುಡ್ಡು ಕೊಟ್ಟು ಚೀಟಿ ಕೊಂಡು, ಅದೃಷ್ಟ ಇದ್ದರೆ ಮಿಕ್ಸರ್ ಅನ್ನುವುದೂ ಅದೇ ಜಾತಿಯದು. ಅದನ್ನು ಶಾಲೆಯ ಹೆಸರಿನಲ್ಲಿ ಮಾಡುವುದು ಬೇಡ.

ಇನ್ನು ಕೂಪನ್ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು "ಹತ್ತು ಮಾರಿ ಬಾ" ಅನ್ನುವುದು. ಇಲ್ಲಿ ಪಾಲಕರು ಗಟ್ಟಿಯಾಗಿ ನಿಲ್ಲಬೇಕು. ಮಾರಲಾಗದ ಮಗು ರಾತ್ರಿ ಊಟ ಬಿಟ್ಟು ಅಳುತ್ತದೆ. ಕೊನೆಗೆ ಹತ್ತೂ ಕೂಪನ್‌ಗಳನ್ನು ಅಪ್ಪನೇ ಕೊಳ್ಳುತ್ತಾನೆ. ಹೆದ್ದಾರಿ ಬದಿ, ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಹತ್ತಿರ ಮಕ್ಕಳು ಹೋಗಿ ನಿಲ್ಲುವುದು ಸುರಕ್ಷಿತವೂ ಅಲ್ಲ. ಪುಸ್ತಕವನ್ನು ನೀವೇ ಶಾಲೆಗೆ ತೆಗೆದುಕೊಂಡು ಹೋಗಿ, "ಇದನ್ನು ದೊಡ್ಡವರ ಕೈಯಲ್ಲೇ ಕೊಡಿ, ನಮ್ಮ ಪಾಲನ್ನು ನಾವು ಬೇರೆ ಕೊಡ್ತೇವೆ" ಅಂತ ಹೇಳಿ ಬನ್ನಿ. ವಂತಿಗೆ ಕೊಡದ ಮಗುವನ್ನು ಎದ್ದು ನಿಲ್ಲಿಸುವುದು, ಡ್ಯಾನ್ಸಿನಿಂದ ಬಿಡುವುದು, ಹಾಲ್ ಟಿಕೆಟ್ ಹಿಡಿದಿಡುವುದು ಯಾವ ಶಾಲೆಯಲ್ಲೂ ಆಗಬಾರದು. ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.

ಮನೆಯಲ್ಲಿ ಮಗುವಿಗೆ ವಿಷಯ ಮುಚ್ಚಿಡಬೇಡಿ. "ಶಾಲೆಗೆ ನಾವು ಇಷ್ಟು ಕೊಡ್ತಾ ಇದ್ದೇವೆ, ಸಾಕು. ಬೇರೆಯವರು ಎಷ್ಟು ಕೊಟ್ಟರು ಅನ್ನೋದು ನಮಗೆ ಬೇಡ" ಅಂದರೆ ಏಳು ವರ್ಷದ ಮಗುವಿಗೂ ತಿಳಿಯುತ್ತದೆ.

ಏಳನೆಯದು: ದೊಡ್ಡ ಮೊತ್ತ ಕೊಡುವವರಿಗೆ

ಶತಮಾನೋತ್ಸವದ ಹೊತ್ತಿಗೆ ಬೆಂಗಳೂರಿನ ಮಗ, ಅಮೆರಿಕದ ಅಳಿಯ ಎಲ್ಲರಿಗೂ ಫೋನು ಹೋಗುತ್ತದೆ. ಅವರಿಗೆ ಎರಡು ಮಾತು. ಆದಾಯ ತೆರಿಗೆಯಲ್ಲಿ 80ಜಿ ಅಂತ ಕರೆಯುವ ದೇಣಿಗೆಯ ವಿನಾಯಿತಿ ಬೇಕಿದ್ದರೆ, ಹಣ ಪಡೆಯುವ ಸಂಸ್ಥೆಗೆ ಆ ಮಾನ್ಯತೆ ಇರಬೇಕು. ನಗದು 2,000 ರೂಪಾಯಿ ದಾಟಿದರೆ ವಿನಾಯಿತಿ ಇಲ್ಲ, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಬೇಕು. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಇದು ಸಿಗುವುದೇ ಇಲ್ಲ. ಎರಡನೆಯದು, ವಿದೇಶದ ಪೌರತ್ವ ಪಡೆದವರು ಕೊಡುವ ಹಣ ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ಕಾನೂನಿನಡಿ ಬರುತ್ತದೆ. ಆ ನೋಂದಣಿ ಇಲ್ಲದ ಸಮಿತಿ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ವಿದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟೇ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವುದಕ್ಕೆ ಈ ತೊಡಕಿಲ್ಲ.

ದೊಡ್ಡ ಮೊತ್ತ ಕೊಡುವವರು ವೇದಿಕೆಗೆ, ಸ್ಮರಣ ಸಂಚಿಕೆಗೆ ಕೊಡುವ ಬದಲು ಉಳಿಯುವ ಕೆಲಸಕ್ಕೆ ಕೊಡಿ ಅಂತ ನನ್ನ ಕೇಳಿಕೆ. ಸೋರುವ ಹೆಂಚು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪು, ಮಳೆಗಾಲದಲ್ಲಿ ಹೊಳೆ ದಾಟಿ ಬರುವ ಮಕ್ಕಳಿಗೆ ಜೀಪಿನ ಬಾಡಿಗೆ, ಇಂಥವು. ಯಾವುದಕ್ಕೆ ಅಂತ ರಸೀದಿಯ ಮೇಲೇ ಬರೆಸಿ.

ಕೊನೆಯ ಹೆಜ್ಜೆ: ಕಾರ್ಯಕ್ರಮ ಮುಗಿದ ಮೇಲೆ ಲೆಕ್ಕ

ಪೆಂಡಾಲು ಬಿಚ್ಚಿದ ಮೇಲೆ ಎಲ್ಲರಿಗೂ ಸುಸ್ತು. ಲೆಕ್ಕದ ಸಭೆ ಮುಂದಕ್ಕೆ ಹೋಗುತ್ತಾ ಹೋಗುತ್ತದೆ. ಅದಕ್ಕೇ ವಂತಿಗೆ ಕೊಡುವ ದಿನವೇ ಕೇಳಿಟ್ಟುಕೊಳ್ಳಿ, "ಲೆಕ್ಕ ಯಾವತ್ತು ಮಂಡನೆ ಮಾಡ್ತೀರಿ?" ತಾರೀಕು ಗೊತ್ತಾದ ಮೇಲೆ ನೀವೂ ಹೋಗಿ. ಹತ್ತು ಜನವೂ ಬರದ ಸಭೆಯಲ್ಲಿ ಲೆಕ್ಕ ಓದಲಿಲ್ಲ ಅಂತ ಕಮಿಟಿಯವರನ್ನು ದೂರುವುದು ನ್ಯಾಯ ಅಲ್ಲ.

ಬಂದದ್ದು, ಖರ್ಚಾದದ್ದು, ಉಳಿದದ್ದು ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಲಿ, ಪಾಲಕರ ವಾಟ್ಸಾಪ್ ಗುಂಪಿಗೂ ಫೋಟೋ ಹಾಕಲಿ. ಉಳಿದ ಹಣ ಏನು ಮಾಡುವುದು ಅಂತ ಅದೇ ಸಭೆಯಲ್ಲಿ ತೀರ್ಮಾನಿಸಿ ಠರಾವು ಬರೆಸಿ. ಮುಂದಿನ ವರ್ಷಕ್ಕೆ ಠೇವಣಿ ಇಟ್ಟರೆ ಜೂನ್‌ನಲ್ಲಿ ಕಷ್ಟದಲ್ಲಿರುವ ಮನೆಯ ಮಕ್ಕಳ ನೋಟ್‌ಬುಕ್ಕಿಗೆ ಬಳಸಬಹುದು.

ಎಷ್ಟು ಕೇಳಿದರೂ ಲೆಕ್ಕ ಬರಲಿಲ್ಲ, ಅಥವಾ ವಂತಿಗೆ ಕೊಡದ್ದಕ್ಕೆ ಮಗುವಿಗೆ ತೊಂದರೆ ಆಯಿತು ಅಂದರೆ ಮೊದಲು ಮುಖ್ಯಾಧ್ಯಾಪಕರ ಹತ್ತಿರ ಮಾತಾಡಿ. ಆಮೇಲೆ ಎಸ್‌ಡಿಎಂಸಿಗೆ ಬರೆದು ಕೊಡಿ. ಅಲ್ಲೂ ಆಗದಿದ್ದರೆ ತಾಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಅದರ ಮೇಲೆ ಡಿಡಿಪಿಐ, ಅಂದರೆ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು. ನಮ್ಮದು ಎರಡು ಶೈಕ್ಷಣಿಕ ಜಿಲ್ಲೆ ಇರುವ ಜಿಲ್ಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರು ಕಾರವಾರದ ಕಚೇರಿಗೆ ಹೋಗಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯ್ಡಾ ಕಡೆಯವರು ಶಿರಸಿಯ ಕಚೇರಿಗೆ. ಅರ್ಜಿಯ ಜೊತೆ ರಸೀದಿಯ ಝೆರಾಕ್ಸ್ ಇಡಿ, ಕೊಟ್ಟ ಅರ್ಜಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.